ಕಾರ್ಡು ಹೊಸದು, ಕರೆಂಟು ಎಲ್ಲಿಂದ?

ಮಕ್ಕಳೇ, ಈ ವಾರ ನಮ್ಮ ಸಾಲಗುಂದದ ಮನೆಯಲ್ಲೇ ನಡೆದ ಕಥೆ ಹೇಳುತ್ತೇನೆ. ಅಜ್ಜ-ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇದರಲ್ಲಿ ಅರ್ಧ ನಿಮಗೆ ಗೊತ್ತಿರುವುದು, ಇನ್ನರ್ಧ ಅವರಿಗೆ ಗೊತ್ತಿರುವುದು.

ಪಾಲಿಟೆಕ್ನಿಕ್ ಓದುವ ನನ್ನ ಮೊಮ್ಮಗಳು ಆನಿಮೇಷನ್ ಕಲಿಯುತ್ತಿದ್ದಾಳೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದಳು. ತನ್ನ ಸ್ಕಾಲರ್‌ಶಿಪ್ ಹಣಕ್ಕೆ ಅಜ್ಜಿ ಅಡುಗೆಮನೆಯ ಡಬ್ಬಿಯಲ್ಲಿ ಕೂಡಿಟ್ಟಿದ್ದನ್ನೂ ಸೇರಿಸಿ ಆರ್‌ಟಿಎಕ್ಸ್ 3060 ಎಂಬ ಕಾರ್ಡ್ ತಂದಳು. ಡಬ್ಬಿ ಖಾಲಿಯಾಯಿತು, ಮನೆಯಲ್ಲಿ ಹಬ್ಬವಾಯಿತು.

ಗ್ರಾಫಿಕ್ಸ್ ಕಾರ್ಡ್ ಎಂದರೇನು ಎಂದು ಕೇಳುವ ಹಿರಿಯರಿಗೆ ಒಂದು ಮಾತು. ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿದರೆ 20 ಲಕ್ಷಕ್ಕೂ ಹೆಚ್ಚು. ಆಟ ಆಡುವಾಗ ಸೆಕೆಂಡಿಗೆ 60 ಸಲ ಆ ಎಲ್ಲ ಚುಕ್ಕಿಗಳ ಬಣ್ಣವನ್ನು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕ ಮಾಡುವ ಆಳೇ ಗ್ರಾಫಿಕ್ಸ್ ಕಾರ್ಡ್. ದುಡಿಯುವ ಆಳು ಅಂದಮೇಲೆ ಊಟವೂ ಜಾಸ್ತಿ.

ತೊಂದರೆ ಶುರುವಾಗಿದ್ದು ಅಲ್ಲೇ. ಕಂಪ್ಯೂಟರ್ ಚೆನ್ನಾಗಿಯೇ ಆನ್ ಆಗುತ್ತಿತ್ತು. ಆನಿಮೇಷನ್ ಕೆಲಸ ಕೊಟ್ಟು ಐದು ನಿಮಿಷವಾದರೆ ಟಪ್ ಎಂದು ಬಂದ್.

“ಅಜ್ಜಾ, ಮತ್ತ ಬಂದ್ ಆತು. ಕಾರ್ಡೇ ಕೆಟ್ಟದ ಅನಸ್ತದ. ಅಜ್ಜಿ ರೊಕ್ಕ ಎಲ್ಲಾ ಹೋತು,” ಎಂದು ಅಳುಮುಖ ಮಾಡಿದಳು.

“ಅಳಬ್ಯಾಡವ್ವ. ಸುಮ್ನ ಇದ್ದಾಗ ನಡೀತದ, ಭಾರ ಬಿದ್ದಾಗ ನಿಲ್ತದ ಅಂದ್ರ ಮೊದ್ಲು ಕರೆಂಟ್ ನೋಡಬೇಕು. ನಮ್ಮ ಹೊಲದ ಮೋಟ್ರು ಹಿಂಗೇ ಟ್ರಿಪ್ ಆಗ್ತಿತ್ತು,” ಎಂದೆ.

ಕಂಪ್ಯೂಟರಿಗೆ ಕರೆಂಟ್ ಕೊಡುವುದು ಹಿಂಬದಿಯಲ್ಲಿರುವ ಒಂದು ಕಬ್ಬಿಣದ ಡಬ್ಬಿ. ಅಂಗಡಿಯಲ್ಲಿ ಅದಕ್ಕೆ ಎಸ್‌ಎಂಪಿಎಸ್ ಎನ್ನುತ್ತಾರೆ. ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ ಎಸಿ ಕರೆಂಟ್. ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಡಿಸಿ ಕರೆಂಟ್. ಅದನ್ನು ಇದಾಗಿ ಮಾಡಿ ಹಂಚುವುದು ಈ ಡಬ್ಬಿಯ ಕೆಲಸ.

ನಮ್ಮ ಸಿಂಧನೂರು ಸೀಮೆಯವರಿಗೆ ಹಂಚುವುದೆಂದರೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆ ನೋಡಿದವರು ನಾವು. ಅಣೆಕಟ್ಟಿನಲ್ಲಿ ಎಷ್ಟೇ ನೀರಿರಲಿ, ನಮ್ಮ ಹೊಲದ ಕಾಲುವೆಯಲ್ಲಿ ಎಷ್ಟು ಹರಿಯುತ್ತದೆ ಎನ್ನುವುದೇ ಭತ್ತಕ್ಕೆ ಮುಖ್ಯ. ಎಸ್‌ಎಂಪಿಎಸ್ ಕೂಡ ಹಾಗೆಯೇ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಒಂದು, ಬೇಕಾದ ಕಡೆ ತಲುಪುವುದು ಇನ್ನೊಂದು.

ನಮ್ಮ ಹಳೆ ಡಬ್ಬಿಯ ಮೇಲೆ 450 ಎಂದು ದೊಡ್ಡದಾಗಿ ಬರೆದಿತ್ತು. ಪ್ಲಗ್ ಕಿತ್ತು, ಬದಿಯ ಮುಚ್ಚಳ ತೆಗೆದು, ಕನ್ನಡಕ ಏರಿಸಿಕೊಂಡು ಡಬ್ಬಿಯ ಚೀಟಿಯ ಸಣ್ಣಕ್ಷರ ಓದಿದೆ. 12 ವೋಲ್ಟಿನ ಕೆಳಗೆ 18 ಆಂಪ್ ಎಂದಿತ್ತು. ಮಕ್ಕಳೇ, ಶಾಲೆಯಲ್ಲಿ ಕಲಿತದ್ದು ನೆನಪಿದೆಯಲ್ಲ? ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. 12 × 18 = 216. ಕಾರ್ಡು ಮತ್ತು ಪ್ರೊಸೆಸರ್ ಎರಡೂ ಉಣ್ಣುವುದು ಈ 12 ವೋಲ್ಟಿನ ಸಾಲಿನಿಂದಲೇ. ಅಂದರೆ 450 ಎನ್ನುವ ಡಬ್ಬಿಯಿಂದ ಅವಕ್ಕೆ ಸಿಗುತ್ತಿದ್ದದ್ದು 216 ಮಾತ್ರ.

ಈಗ ಬೇಡಿಕೆ ನೋಡಿ. 3060 ಕಾರ್ಡಿಗೆ 170 ವ್ಯಾಟ್. ನಮ್ಮ ಪ್ರೊಸೆಸರ್ ಐ5-12400. ಅದರ ಮೂಲ ಲೆಕ್ಕ 65 ವ್ಯಾಟ್ ಆದರೂ ಜೋರು ಕೆಲಸದಲ್ಲಿ 117ರವರೆಗೆ ಏರುತ್ತದೆ. ಎರಡೂ ಸೇರಿ 287. ಸಿಗುವುದು 216, ಬೇಕಿರುವುದು 287. ಬಂದ್ ಆಗದೆ ಇನ್ನೇನಾದೀತು? ಕಾರ್ಡ್ ಕೆಟ್ಟಿರಲಿಲ್ಲ, ಪಾಪ, ಹಸಿದಿತ್ತು ಅಷ್ಟೆ. ಕೊಳ್ಳುವಾಗ ಅಂಗಡಿಯವರು ಎಸ್‌ಎಂಪಿಎಸ್ ಯಾವುದು ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹಾಗಾದರೆ ಎಷ್ಟರದು ಬೇಕು? ಆ 287ಕ್ಕೆ ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಂದು ಅಂದಾಜು 60 ಸೇರಿಸಿದರೆ ಹೆಚ್ಚುಕಡಿಮೆ 350 ವ್ಯಾಟ್. ಸರಿಯಾಗಿ 350ರದನ್ನೇ ತಂದರೆ ಸಾಲದು. ಹೊಲದ ಮೋಟರ್ ಶುರುವಾಗುವಾಗ ನಡೆಯುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಇದು ಅಜ್ಜಂದಿರಿಗೆ ಗೊತ್ತು. ಗ್ರಾಫಿಕ್ಸ್ ಕಾರ್ಡೂ ಆಗಾಗ ಕಣ್ಣು ಮಿಟುಕಿಸುವುದರೊಳಗೆ ತನ್ನ ಲೆಕ್ಕಕ್ಕಿಂತ ಹೆಚ್ಚು ಎಳೆದುಬಿಡುತ್ತದೆ. ಅದಕ್ಕೇ ಈ ಕಾರ್ಡ್ ಮಾಡಿದ ಎನ್‌ವಿಡಿಯಾ ಕಂಪನಿ 550 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎಂದು ಹೇಳಿದೆ. ಪ್ರತಿ ಕಾರ್ಡಿಗೂ ಹೀಗೊಂದು ಸಂಖ್ಯೆ ಇರುತ್ತದೆ. ಹಣ ಕೊಡುವ ಮುಂಚೆ ಅದನ್ನು ನೋಡಬೇಕು.

ಆಗ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು: “550 ಅಂದ್ರ ಕರೆಂಟ್ ಬಿಲ್ ಎಷ್ಟು ಬರ್ತದೋ? ಗೃಹಜ್ಯೋತಿ ಲೆಕ್ಕ ದಾಟಿದ್ರ ಯಾರು ಕಟ್ತಾರ?”

ಒಳ್ಳೆಯ ಪ್ರಶ್ನೆ. ಕಾಲುವೆ ಅಗಲವಿದ್ದ ಮಾತ್ರಕ್ಕೆ ನೀರು ತುಂಬಿ ಹರಿಯಲೇಬೇಕೆಂದಿಲ್ಲ, ತೂಬು ತೆರೆದಷ್ಟೇ ಹರಿಯುತ್ತದೆ. 550ರ ಡಬ್ಬಿ ಇಟ್ಟರೂ ಕಂಪ್ಯೂಟರ್ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಬಿಲ್ ಹೆಚ್ಚಿಸುವುದು ಕಾರ್ಡಿನ ದುಡಿಮೆ, ಅದರ ಜೊತೆಗೆ ಡಬ್ಬಿಯ ಸೋರಿಕೆ. ಎಸಿಯನ್ನು ಡಿಸಿ ಮಾಡುವಾಗ ಸ್ವಲ್ಪ ಕರೆಂಟ್ ಬಿಸಿಯಾಗಿ ಪೋಲಾಗುತ್ತದೆ. 100 ಎಳೆದುಕೊಂಡು 85 ಒಳಗೆ ಕೊಡುವ ಡಬ್ಬಿಯಾದರೆ, 350 ಕೊಡಲು ಗೋಡೆಯಿಂದ ಸುಮಾರು 412 ಎಳೆಯುತ್ತದೆ. 100ಕ್ಕೆ 70 ಮಾತ್ರ ಕೊಡುವುದಾದರೆ 500 ಎಳೆಯುತ್ತದೆ. ವ್ಯತ್ಯಾಸ 88 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಜೋರು ಕೆಲಸ ಮಾಡಿದರೆ ಮೂರು ದಿನಕ್ಕೆ ಒಂದು ಯೂನಿಟ್ ಬರೀ ಬಿಸಿಗಾಳಿಗೆ ಹೋಗುತ್ತದೆ. ಡಬ್ಬಿಯ ಮೇಲೆ ‘80 ಪ್ಲಸ್’ ಎಂಬ ಗುರುತಿದ್ದರೆ ಅದು ಕನಿಷ್ಠ 80 ಭಾಗ ಒಳಗೆ ಕೊಡುತ್ತದೆ ಎಂದು ಪರೀಕ್ಷೆಯಾಗಿದೆ ಎಂದರ್ಥ. ಬ್ರಾಂಜ್, ಗೋಲ್ಡ್ ಎಂದು ಮೇಲಿನ ದರ್ಜೆಗಳೂ ಇವೆ. ನಮ್ಮಂಥ ಮನೆಗೆ ಬ್ರಾಂಜ್ ಸಾಕು.

ಲೆಕ್ಕವೇನೋ ಸಿಕ್ಕಿತು, ಹಣ ಎಲ್ಲಿ? ಅಗ್ಗದ ಇನ್ನೊಂದು ಡಬ್ಬಿ ಹಾಕಿ ಸದ್ಯಕ್ಕೆ ದಾಟಿಸೋಣ ಎಂದಳು ಮೊಮ್ಮಗಳು. ನಾನು ಬೇಡವೆಂದೆ. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಒಂದೇ ಸಾಯುವುದಿಲ್ಲ, ಕಾರ್ಡು, ಬೋರ್ಡು, ಡಿಸ್ಕಿನಲ್ಲಿರುವ ಅವಳ ಎರಡು ವರ್ಷದ ಕೆಲಸ ಎಲ್ಲವನ್ನೂ ಜೊತೆಗೆ ಕರೆದೊಯ್ಯಬಹುದು. ಅವಳ ಪ್ರೊಸೆಸರಿನಲ್ಲೇ ಚಿಕ್ಕದೊಂದು ಗ್ರಾಫಿಕ್ಸ್ ಇತ್ತು. ಕಾರ್ಡನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ನಿಧಾನವಾದರೂ ಅದರಲ್ಲೇ ಕೆಲಸ ಮುಂದುವರಿಸಿದಳು. ಭತ್ತದ ಹಣ ಕೈಗೆ ಬಂದ ಮೇಲೆ ಒಳ್ಳೆಯ 550ರದು ತಂದೆವು. ಎರಡು ತಿಂಗಳು ಕಾದದ್ದು ಅವಳಿಗೆ ಕಷ್ಟವಾಯಿತು, ನನಗೆ ಗೊತ್ತು. ಆದರೆ ಅಜ್ಜಿಯ ಹಣ ಉಳಿಯಿತು.

ನೀವೂ ಕೊಳ್ಳುವುದಿದ್ದರೆ ಇಷ್ಟು ನೆನಪಿಡಿ. ಕಾರ್ಡಿನ ಹಣ ಹೊಂದಿಸುವಾಗಲೇ ಎಸ್‌ಎಂಪಿಎಸ್ ಹಣವನ್ನೂ ಸೇರಿಸಿ. ಎರಡಕ್ಕೂ ಸಾಲದಿದ್ದರೆ ಸಣ್ಣ ಕಾರ್ಡ್ ತನ್ನಿ. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್ ಸಾಕು. ಚೀಟಿಯಲ್ಲಿ 12 ವೋಲ್ಟಿನ ಸಾಲನ್ನೇ ಓದಿ. ಎರಡು ಸಾಲುಗಳಿದ್ದರೆ ಸುಮ್ಮನೆ ಕೂಡಬೇಡಿ, ಒಟ್ಟು ವ್ಯಾಟ್ ಬೇರೆಯಾಗಿ ಬರೆದಿರುತ್ತದೆ. ಕಾರ್ಡಿಗೆ ಬೇಕಾದ ಪಿನ್ನಿನ ವೈರ್ ಡಬ್ಬಿಯಿಂದಲೇ ಬರಬೇಕು. ಬೋರ್ಡಿನ ಕಿಂಡಿಯಿಂದ 75, ಎಂಟು ಪಿನ್ನಿನ ವೈರಿನಿಂದ 150 ವ್ಯಾಟ್ ಸಿಗುತ್ತದೆ. ಪ್ರೊಸೆಸರಿನ ಎಂಟು ಪಿನ್ನಿನ ವೈರ್ ನೋಡಲು ಹಾಗೇ ಇದ್ದರೂ ಅದು ಬೇರೆ, ಒತ್ತಿ ಕೂರಿಸಬೇಡಿ.

ಮಕ್ಕಳೇ, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಹಿಂದೆ 115-230 ಎಂಬ ಕೆಂಪು ಸ್ವಿಚ್ ಇದ್ದರೆ ಮುಟ್ಟಬೇಡಿ, ನಮ್ಮ ದೇಶಕ್ಕೆ 230. ಅಜ್ಜಂದಿರೇ, ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ತಿಳಿದವರಿಂದ ನೋಡಿಸುವುದು ನಿಮ್ಮ ಪಾಲಿನ ಕೆಲಸ.

ಈ ವಾರದ ಲೆಕ್ಕ: ಚೀಟಿಯಲ್ಲಿ 12 ವೋಲ್ಟ್, 30 ಆಂಪ್ ಎಂದಿದೆ. ಕಾರ್ಡಿಗೆ 115, ಪ್ರೊಸೆಸರಿಗೆ 117 ವ್ಯಾಟ್ ಬೇಕು. ಸಾಕಾಗುತ್ತದೆಯೇ? ಎಷ್ಟು ಉಳಿಯುತ್ತದೆ? ಲೆಕ್ಕ ಮಾಡಿ ಅಜ್ಜನಿಗೆ ತೋರಿಸಿ. ಉತ್ತರ ಮುಂದಿನ ವಾರ.