ಗುಳೆ ಹೋಗುವ ಬೆಟ್ಟಕ್ಕೆ ಒಮ್ಮೆ ನೋಡಲೂ ಹೋಗೋಣ

ಒಕ್ಕಲುತನ ಮಾಡುವವರಿಗೆ ತಿರುಗಾಟ ಯಾಕೆ ಎನ್ನುವ ಮಾತು ನಮ್ಮ ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆ ಇನ್ನೂ ಗಟ್ಟಿಯಾಗಿದೆ. ಶ್ರೀಶೈಲ, ಮಂತ್ರಾಲಯ, ತಿರುಪತಿ ಎಂದರೆ ಸಾಲ ಮಾಡಿ ಹೋದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ 'ನಾನೂ ನಮ್ಮ ಮನೆಯಾಕೆ ಎರಡು ದಿನ ಚಿಕ್ಕಮಗಳೂರು ಬೆಟ್ಟ ನೋಡಿ ಬರ್ತೀವಿ' ಎಂದು ಹೇಳಿ ನೋಡಿ. ಕಟ್ಟಿ ಮ್ಯಾಲ ಕುಂತವರು ನಗ್ತಾರೆ. 'ಹೊಲ ಏನಾರ ಮಾರಿದೇನೋ ಮಾರಾಯ?' ಅಂತಾರೆ. ಹಿಂಗ ನಗುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಂದು ಒಂಬತ್ತು ಎಕರೆ. ಏಳು ಎಕರೆ ಎರೆ, ಎರಡು ಎಕರೆ ಮಸಾರಿ. ಕಾಲುವೆ ನೀರು ಇಲ್ಲ. ತೊಗರಿ, ಸಜ್ಜೆ, ಹಿಂಗಾರಿಗೆ ಜೋಳ, ಕಡಲೆ. ನನ್ನ ಅಭಿಪ್ರಾಯ ಇಷ್ಟೇ: ನಮ್ಮಂಥ ಮಳೆ ನಂಬಿದವರ ಮನೆಯವರೂ ಎರಡು ವರ್ಷಕ್ಕೊಮ್ಮೆಯಾದರೂ ಗಂಡ ಹೆಂಡತಿ ಕೂಡಿ ಮಲೆನಾಡಿನ ಊರಿಗೆ ಹೋಗಿ ಬರಬೇಕು. ಸಾಲ ಮಾಡಬಾರದು, ಬೆಳೆ ಕೆಡಿಸಿಕೊಳ್ಳಬಾರದು. ಆದರೆ ಹೋಗಬೇಕು.

ಇದು ಪೇಟೆಯವರಿಂದ ಕಲಿತ ಚಾಳಿ ಅಲ್ಲ. ಎಳ್ಳಮವಾಸ್ಯೆಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹೋಳಿಗೆ ಕಟ್ಟಿಕೊಂಡು ಬಂಡಿ ಹೂಡಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವುದು ನಮ್ಮ ಪದ್ಧತಿ. ಆವತ್ತು ಹೊಲದಾಗ ಕೆಲಸ ಇಲ್ಲ. ಬೆಳೆ ನೋಡುವುದು, ಉಣ್ಣುವುದು, ಮಾತಾಡುವುದು. ವರ್ಷದಾಗ ಒಂದು ದಿನವಾದರೂ ಹೊಲವನ್ನು ಬರೀ ಕಣ್ಣಿಂದ ನೋಡಬೇಕು ಅಂತ ಹಿರಿಯರಿಗೆ ಗೊತ್ತಿತ್ತು.

ಇನ್ನೊಂದು ಮಾತು. ಮಸ್ಕಿ ಗುಡ್ಡಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿದೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಲೋಕಕ್ಕೆ ಖಾತ್ರಿ ಮಾಡಿಕೊಟ್ಟ ಬಂಡೆ ಅದು. ಒಳ್ಳೆಯದು ದೊಡ್ಡವರಿಗೆ ಮಾತ್ರ ಸಿಗುತ್ತದೆ ಎಂದು ತಿಳಿಯಬಾರದು, ಸಣ್ಣವನೂ ಅದನ್ನು ಪಡೆಯಬಹುದು ಎಂಬ ಅರ್ಥದ ಮಾತು ಅದರಲ್ಲಿದೆ ಎಂದು ಓದಿದವರು ಹೇಳುತ್ತಾರೆ. ದೂರದವರು ನಮ್ಮ ಗುಡ್ಡ ನೋಡಲು ಬರುವುದಾದರೆ ನಾವು ಅವರ ಬೆಟ್ಟ ನೋಡಿದರೆ ತಪ್ಪೇನು?

2025ರ ಜನವರಿಯಲ್ಲಿ ನಾವು ಮೂರು ಜೋಡಿ ಹೋಗಿ ಬಂದೆವು. ತೊಗರಿ ರಾಶಿ ಮುಗಿದಿತ್ತು, ಕಡಲೆ ಕೀಳಲು ಇನ್ನೂ ಸಮಯವಿತ್ತು. ಜೋಳಕ್ಕೆ ಹಕ್ಕಿ ಕಾಯಲು, ದನಕ್ಕೆ ಮೇವು ಹಾಕಲು ಅಣ್ಣನ ಮಗ ಒಪ್ಪಿಕೊಂಡ. ಸೋಮವಾರ ಹೊರಟು ಗುರುವಾರ ಮುಂಜಾನೆ ಮನೆಗೆ ಬಂದೆವು. ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ಮೂವರು ಗಂಡಸರ ಬಸ್ ಚಾರ್ಜು ಹೋಗಿ ಬರಲು 3,300 ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ವೇಗದೂತ ಬಸ್ಸಿನಲ್ಲಿ ಚಾರ್ಜಿಲ್ಲ. ಲಾಡ್ಜಿನಲ್ಲಿ ಎರಡು ಕೋಣೆ, ಎರಡು ರಾತ್ರಿಗೆ 4,000. ಗಿರಿಗೆ ಹೋಗಲು ಜೀಪಿಗೆ 2,800. ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟು ಊಟ ಚಹಾಕ್ಕೆ 1,900. ಒಟ್ಟು 12,000. ಒಂದು ಜೋಡಿಗೆ 4,000, ಅಂದರೆ ಹೆಚ್ಚುಕಡಿಮೆ ಮೂರು ಚೀಲ ಡಿಎಪಿ ರೇಟು. ಹೊಲ ಮಾರುವಷ್ಟು ಏನಿಲ್ಲ.

ಸಿಂಧನೂರಿನಿಂದ ಗಂಗಾವತಿ, ಹೊಸಪೇಟೆ, ಹರಿಹರ, ಶಿವಮೊಗ್ಗ, ಭದ್ರಾವತಿ, ತರೀಕೆರೆ ಹಾದು ಚಿಕ್ಕಮಗಳೂರು. ಈ ದಾರಿ ತುಂಗಭದ್ರೆಯನ್ನು ಹಿಡಿದು ಮೇಲಕ್ಕೆ ಹೋದ ಹಾಗೆ ಇದೆ. ಹೊಸಪೇಟೆಯಲ್ಲಿ ಡ್ಯಾಮು, ಹರಿಹರದಲ್ಲಿ ಹೊಳೆ, ಶಿವಮೊಗ್ಗದಲ್ಲಿ ತುಂಗೆ, ಭದ್ರಾವತಿಯಲ್ಲಿ ಭದ್ರೆ. ಬಾಬಾಬುಡನ್‌ಗಿರಿ ಸಾಲಿನ ಪಡುವಣ ಬದಿಯ ನೀರು ಭದ್ರೆಗೆ ಸೇರುತ್ತದೆ. ಮೂಡಣ ಬದಿಯದು ವೇದಾವತಿಯಾಗಿ, ಮುಂದೆ ಹಗರಿ ಎನ್ನಿಸಿಕೊಂಡು ಅದೂ ತುಂಗಭದ್ರೆಗೇ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಸಿಂಧನೂರಿನ ಭತ್ತದವರು ಕಂಗಾಲಾಗಿದ್ದರು. ಗೇಟಿನ ಬಗ್ಗೆ, ಕಾಲುವೆಯ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಆ ನೀರು ಇಳಿದು ಬರುವ ಬೆಟ್ಟ ಮತ್ತು ಕಾಡನ್ನು ನೋಡಿದವರು ನಮ್ಮಲ್ಲಿ ಎಷ್ಟು ಜನ? ಆ ಬೆಟ್ಟ ಬೋಳಾದರೆ ಕೆಳಗಿನವರ ಗತಿ ಏನು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ್ದು. ಕೊನೆಗೆ ಮೆಟ್ಟಿಲು ಹತ್ತಬೇಕು. ನಮ್ಮ ಹೆಣ್ಣುಮಕ್ಕಳು ನಮಗಿಂತ ಮುಂಚೆ ಹತ್ತಿದರು. ಮೇಲೆ ಗಾಳಿಗೆ ಸೆರಗು ಹಿಡಿದುಕೊಂಡು ಬಹಳ ಹೊತ್ತು ಕುಂತರು. 'ಮದುವಿಯಾಗಿ ಮೂವತ್ತೆರಡು ವರ್ಷ ಆತು, ಒಲಿ ಮುಂದ ಕೂಡದ ಎರಡು ದಿನ ಇವೇ ನೋಡ್ರಿ' ಅಂದಳು ನಮ್ಮಾಕೆ. ತೌರುಮನೆಗೆ ಹೋದರೂ ಅವರಿಗೆ ರೊಟ್ಟಿ ಬಡಿಯುವುದು ತಪ್ಪಿದ್ದಲ್ಲ. ಬೇರೆ ಯಾವ ಲಾಭ ಇಲ್ಲದಿದ್ದರೂ ಈ ಒಂದಕ್ಕೆ 4,000 ಹೆಚ್ಚಲ್ಲ.

ಕಣ್ಣಿಗೆ ಕಲಿಯುವುದೂ ಸಿಗುತ್ತದೆ. ಅಲ್ಲಿಯ ಬೆಳೆಗಾರರೊಬ್ಬರು ತೋಟದೊಳಗೆ ಕರೆದರು. ಕಾಫಿ ಸಾಲಿನ ನಡುವೆ ಉದ್ದುದ್ದ ತೊಟ್ಟಿಲು ಗುಂಡಿ ತೆಗೆದಿದ್ದರು. ಮಳೆ ನೀರು, ಎಲೆ, ಮಣ್ಣು ಎಲ್ಲಾ ಅದರಲ್ಲಿ ನಿಲ್ಲುತ್ತದೆ. ನೆರಳಿಗೆ ಮರ, ನೆಲದ ತುಂಬ ತರಗು. ನಮ್ಮ ಎರಡು ಮೂರು ಪಟ್ಟು ಮಳೆ ಬೀಳುವ ಕಡೆ ನೀರು ನಿಲ್ಲಿಸಲು ಗುಂಡಿ ತೋಡುತ್ತಾರೆ. ವರ್ಷಕ್ಕೆ 24-25 ಇಂಚು ಬೀಳುವ ನಾವು ಟ್ರ್ಯಾಕ್ಟರ್ ತಿರುಗಲಿ ಅಂತ ಒಡ್ಡು ಕೆಡವಿ, ಬದುವಿನ ಬೇವು, ಬನ್ನಿ ಕಡಿಯುತ್ತಿದ್ದೇವೆ. ಇದನ್ನು ಯಾವ ಅಧಿಕಾರಿ ಹೇಳಿದರೂ ನಮ್ಮ ಕಿವಿಗೆ ಹೋಗಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಣ್ಣುಮಕ್ಕಳ ಮಾತು ಕೇಳಿ ನಮ್ಮಾಕೆ, 'ಯಾವೂರವ್ವಾ ನಿಮ್ದು?' ಅಂದಳು. ಲಿಂಗಸುಗೂರು ಕಡೆಯವರು! ಗುಳೆ ಬಂದು ಎರಡು ತಿಂಗಳಾಗಿತ್ತಂತೆ, ಇದು ಮೂರನೇ ವರ್ಷವಂತೆ. ಕಿಲೋ ಲೆಕ್ಕದ ಕೂಲಿ. ಅವರ ಲೈನ್ ಮನೆಯ ಬಾಗಿಲಲ್ಲಿ ನಿಂತರೆ ಗಿರಿ ಕಾಣುತ್ತದೆ. 'ಮ್ಯಾಲ ಹೋಗಿದ್ರೇನು?' ಎಂದು ಕೇಳಿದರೆ ಒಬ್ಬಾಕೆ, 'ಎಲ್ಲಿದವ್ವಾ, ಮ್ಯಾಲ ನೋಡ್ಕೋತ ನಿಂತ್ರ ಚೀಲ ತುಂಬತೈತೇನು?' ಅಂದಳು. ನಮ್ಮ ಸೀಮೆಯವರಿಗೆ ಬೆಟ್ಟ ಹೊಸದಲ್ಲ. ಬರ ಬಿದ್ದಾಗಲೆಲ್ಲ ನಮ್ಮವರು ಅಲ್ಲಿಗೆ ಹೋಗುತ್ತಾರೆ. ಆದರೆ ಸೊಂಟಕ್ಕೆ ಚೀಲ ಕಟ್ಟಿಕೊಂಡು, ತಲೆ ಬಗ್ಗಿಸಿಕೊಂಡು ಹೋಗುತ್ತಾರೆ. ಹೊಟ್ಟೆಪಾಡಿಗೆ ಹೋದಲ್ಲಿಗೆ ಒಮ್ಮೆ ನೋಡಲೂ ಹೋಗುವ ಹಕ್ಕು ನಮಗಿದೆ ಎನ್ನುವುದೇ ನನ್ನ ವಾದ.

ಅದಕ್ಕೆ ಮೂರು ಕೋರಿಕೆ. ಒಂದು, ಹೋಗುವ ರೈತರಿಗೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಆ ಎರಡು ದಿನ ಕಾರುಗಳ ಸಾಲೇ ಸಾಲು, ಬಾಡಿಗೆಯೂ ಜಾಸ್ತಿ. 2025ರ ಸೆಪ್ಟೆಂಬರಿನಿಂದ ಗಿರಿಗೆ ಹೋಗುವ ವಾಹನಕ್ಕೆ ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕು, ವಿಚಾರಿಸಿಕೊಂಡು ಹೊರಡಿ. ಬಾಟಲಿ, ಪ್ಲಾಸ್ಟಿಕ್ ಬಿಸಾಡಬೇಡಿ. ಆ ನೀರು ಕೆಳಗೆ ನಮ್ಮ ಕಡೆಗೇ ಬರುವುದು. ಎರಡು, ಅಧ್ಯಯನ ಪ್ರವಾಸ ಮಾಡಿಸುವವರಿಗೆ. ಬರೀ ಗಂಡಸರನ್ನು ಬಸ್ಸಿಗೆ ತುಂಬಬೇಡಿ. ಕಳೆ ತೆಗೆಯುವವರು, ಬೀಜ ಕಾಯ್ದಿಡುವವರು ಹೆಣ್ಣುಮಕ್ಕಳು. ಜೋಡಿಯಾಗಿ ಕರೆಯಿರಿ.

ಮೂರನೆಯದು, ಈ ಪತ್ರಿಕೆ ಓದುವ ಕಾಫಿ ಬೆಳೆಗಾರರಿಗೆ. ಕೊಯ್ಲು ಮುಗಿದ ಮೇಲೆ ನಮ್ಮವರನ್ನು ಊರಿಗೆ ಕಳಿಸುವ ಮುಂಚೆ ಒಂದು ದಿನ ನಿಮ್ಮ ಪಿಕಪ್ಪಿನಲ್ಲೇ ಗಿರಿಗೆ ಕರೆದುಕೊಂಡು ಹೋಗಿ ತೋರಿಸಿ. ಆ ದಿನದ ಕೂಲಿ ಹಿಡಿಯಬೇಡಿ. ನಿಮಗೆ ದೊಡ್ಡ ಖರ್ಚು ಬರಲಿಕ್ಕಿಲ್ಲ. ಯಾರಾದರೂ ಈಗಾಗಲೇ ಹೀಗೆ ಮಾಡುತ್ತಿದ್ದರೆ ಪತ್ರಿಕೆಗೆ ಬರೆಯಿರಿ, ಓದಿ ಸಂತೋಷಪಡುತ್ತೇವೆ.