ಅಭಿಯೋಜಕರು ಯಾರಿಗೆ ಉತ್ತರದಾಯಿಗಳು?

ಆರೋಪಿಗೆ ಹೇಗಾದರೂ ಶಿಕ್ಷೆ ಕೊಡಿಸುವುದಲ್ಲ, ಸತ್ಯವನ್ನು ನ್ಯಾಯಾಲಯದ ಮುಂದಿಡುವುದು ಸರ್ಕಾರಿ ಅಭಿಯೋಜಕರ ಕರ್ತವ್ಯ. ಆದುದರಿಂದಲೇ ಅಭಿಯೋಜನೆಯನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬೇರ್ಪಡಿಸಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ನಿರ್ದೇಶಿಸಿತು. ಆದರೆ 2005ರ ತಿದ್ದುಪಡಿ ಅಭಿಯೋಜನಾ ನಿರ್ದೇಶಕರನ್ನು ಗೃಹ ಇಲಾಖೆಯ ಅಧೀನದಲ್ಲಿರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನೇ ಮುಂದುವರಿಸಿದೆ. ಪೊಲೀಸರ ಮೇಲಿರುವುದೂ ಅದೇ ಇಲಾಖೆ. ತನಿಖೆ ನಡೆಸುವವರಿಗೂ ಅದನ್ನು ಒರೆಗೆ ಹಚ್ಚುವವರಿಗೂ ಯಜಮಾನನೊಬ್ಬನೇ ಆದರೆ, ದುರ್ಬಲ ದೋಷಾರೋಪಪಟ್ಟಿಯನ್ನು ಪ್ರಶ್ನಿಸುವವರಾರು?

ಮೊಕದ್ದಮೆ ಹಿಂತೆಗೆಯುವ ವಿವೇಚನೆಯನ್ನು ಕಾನೂನು ಅಭಿಯೋಜಕರಿಗೆ ನೀಡಿದೆ. ಆದರೂ 43 ಮೊಕದ್ದಮೆಗಳನ್ನು ಕೈಬಿಡಲು ರಾಜ್ಯ ಸರ್ಕಾರವೇ 2024ರಲ್ಲಿ ಆದೇಶಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಬೇಕಾಯಿತು. ಸಂತ್ರಸ್ತರ ಅಹವಾಲು ಆಲಿಸಬೇಕೆಂಬ ಸಂಹಿತೆಯ ನಿಯಮ ಸ್ವಾಗತಾರ್ಹ, ಆದರೆ ಸಾಲದು. ನಿರ್ದೇಶಕರಿಗೆ ನಿಶ್ಚಿತ ಅಧಿಕಾರಾವಧಿ ಇರಲಿ. ಹಿಂತೆಗೆತದ ಕಾರಣಗಳು ಲಿಖಿತವಾಗಿ ಪ್ರಕಟವಾಗಲಿ. ಜನರ ವಿಶ್ವಾಸಕ್ಕೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.