ಬಿಲ್ ಕೇಳಿ, ವೈರಿನ ತುದಿ ನೋಡಿ

ಕಾರಿಗೆ ಸೆಕೆಂಡ್ ಹ್ಯಾಂಡ್ ಟಚ್ ಸ್ಕ್ರೀನ್ ಹಾಕಿಸಬೇಕೆಂದು ಹುಡುಕುತ್ತಿರುವ ಎಲ್ಲರಲ್ಲೂ ನನ್ನದೊಂದು ಕಳಕಳಿಯ ವಿನಂತಿ. ದುಡ್ಡು ಕೊಡುವ ಮುಂಚೆ ಈ ನಾಲ್ಕು ಮಾತು ಕೇಳಿಸಿಕೊಳ್ಳಿ.

ಮ್ಯಾಪು, ಹಾಡು, ಹಿಂಬದಿಯ ಕ್ಯಾಮೆರಾ ಎಲ್ಲ ಕಾಣಿಸುವ ಸಿಸ್ಟಮ್ಮು. ಹೊಸದು ಕೊಂಡರೆ ಇಪ್ಪತ್ತು ಸಾವಿರ. ಒಬ್ಬಾತ ಅದನ್ನೇ ಮೂರೂವರೆ ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಮಾಲು ಒರಿಜಿನಲ್ಲೇ, ಸ್ಕ್ರೀನಿನ ಮೇಲೆ ಒಂದು ಗೀರೂ ಇಲ್ಲ. ಬಿಲ್ ಮಾತ್ರ ಇಲ್ಲ. “ಬಿಲ್ಲೆಲ್ಲ ಯಾರು ಸಾರ್ ಇಟ್ಕೊಂಡಿರ್ತಾರೆ” ಎಂದಾಗ ನಮಗೂ ಹೌದೆನ್ನಿಸುತ್ತದೆ. ನಮ್ಮ ಮನೆಯಲ್ಲಿರುವ ಎಷ್ಟೋ ಸಾಮಾನಿಗೆ ಬಿಲ್ ಇರುವುದಿಲ್ಲವಲ್ಲ. ಆ ಒಂದು ಸಮಾಧಾನದ ಮೇಲೆಯೇ ಕದ್ದ ಮಾಲಿನ ವ್ಯಾಪಾರ ನಿಂತಿದೆ.

ಆ ಮಾಲು ಹೊರಟ ಜಾಗ ಹೇಗಿರುತ್ತದೆಂದು ನೋಡಿ. ನಮ್ಮ ಬಡಾವಣೆಯಲ್ಲಿ ಬಾಡಿಗೆ ಕಾರು ಓಡಿಸುವವರೊಬ್ಬರಿದ್ದಾರೆ. ಮನೆಮುಂದೆ ಜಾಗವಿಲ್ಲದ್ದರಿಂದ ಪಾರ್ಕಿನ ಪಕ್ಕ ಗಾಡಿ ನಿಲ್ಲಿಸುತ್ತಾರೆ. ಏರ್‌ಪೋರ್ಟ್ ಟ್ರಿಪ್ಪಿಗೆಂದು ನಸುಕಿನಲ್ಲಿ ಹೋದರೆ ಹಿಂಬಾಗಿಲ ಮೂಲೆಯ ಚಿಕ್ಕ ಗಾಜು ಒಡೆದಿತ್ತು. ಅಲ್ಲಿ ಕೈ ತೂರಿಸಿದರೆ ಒಳಗಿನ ಲಾಕು ಸಿಗುತ್ತದೆ. ಡ್ಯಾಶ್‌ಬೋರ್ಡಿನ ನಡುವೆ ಸಿಸ್ಟಮ್ ಇದ್ದ ಕಡೆ ಕಪ್ಪು ಪೊಳ್ಳು. ಅದರ ಸುತ್ತಲಿನ ಪ್ಲಾಸ್ಟಿಕ್ ಫ್ರೇಮನ್ನು ಸ್ಕ್ರೂಡ್ರೈವರಿನಿಂದ ಮೀಟಿದ್ದರಿಂದ ಎರಡು ಕಡೆ ಸೀಳಿತ್ತು. ಕಪ್ಲರ್ ಬಿಚ್ಚುವಷ್ಟೂ ವ್ಯವಧಾನವಿಲ್ಲದೆ ವೈರಿನ ಗೊಂಚಲನ್ನೇ ಕತ್ತರಿಸಿದ್ದರು. ಕೆಂಪು, ಹಳದಿ, ಕಪ್ಪು ತುಂಡುಗಳು ಗೇರಿನ ಮೇಲೆ ಜೋತಾಡುತ್ತಿದ್ದವು. ಗಾಜಿನ ಹರಳು ಸೀಟಿನ ಸಂದಿಯಲ್ಲಿ, ಬೆಲ್ಟಿನ ಬಕಲ್ಲಿನಲ್ಲಿ, ಎ.ಸಿ. ಕಿಂಡಿಯಲ್ಲಿ. ಎಷ್ಟು ಗುಡಿಸಿದರೂ ವಾರಗಟ್ಟಲೆ ಒಂದೊಂದೇ ಹೊರಬರುತ್ತಿದ್ದವು. ಪ್ಯಾಸೆಂಜರ್ ಕೂರುವ ಗಾಡಿ ಅದು.

ಅವರಿಗಾದ ನಷ್ಟ ಸಿಸ್ಟಮ್ಮಿನ ಬೆಲೆಗೇ ನಿಲ್ಲಲಿಲ್ಲ. ಗಾಜು ಹಾಕಿಸಬೇಕು, ಫ್ರೇಮ್ ತರಿಸಬೇಕು, ಕತ್ತರಿಸಿದ ವೈರುಗಳನ್ನು ಆಟೋ ಎಲೆಕ್ಟ್ರಿಷಿಯನ್ ಒಂದೊಂದಾಗಿ ಹುಡುಕಿ ಕೂಡಿಸಬೇಕು. ಅಷ್ಟೂ ದಿನ ಗಾಡಿ ನಿಂತಿರುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಇನ್ಶೂರೆನ್ಸ್ ಎನ್ನುತ್ತೀರಾ? ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಳವಿಗೆ ಬಿಡಿಗಾಸೂ ಇಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ, ಹೊರಗಿನಿಂದ ಹಾಕಿಸಿದ ಎಲೆಕ್ಟ್ರಾನಿಕ್ ಸಾಮಾನನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ ಅದಕ್ಕೆಂದೇ ಪ್ರೀಮಿಯಂ ಕಟ್ಟದಿದ್ದರೆ ಪರಿಹಾರ ಸಿಗದು. ಬಹಳ ಜನಕ್ಕೆ ಇದು ಗೊತ್ತಾಗುವುದು ಗಾಜು ಒಡೆದ ಮೇಲೆಯೇ.

ಇಷ್ಟೆಲ್ಲ ಹಾಳುಮಾಡಿ ಹೊತ್ತೊಯ್ದವನಿಗೆ ಸಿಕ್ಕಿದ್ದೆಷ್ಟು? ನಡುವಿನವನೊಬ್ಬ ತನ್ನ ಪಾಲು ಇಟ್ಟುಕೊಂಡು ನಮಗೆ ಮೂರೂವರೆ ಸಾವಿರಕ್ಕೆ ಮಾರುತ್ತಾನೆಂದರೆ ಕದ್ದವನ ಕೈಗೆ ಬಂದದ್ದು ಅದಕ್ಕೂ ಕಡಿಮೆ. ಆ ಅಲ್ಪ ಹಣವೂ ಹುಟ್ಟದೆ ಹೋದರೆ ರಾತ್ರಿ ಹೊತ್ತು ಗಾಜು ಒಡೆಯುವ ಕೆಲಸಕ್ಕೆ ಅವನು ಇಳಿಯುವುದೇ ಇಲ್ಲ. ಕದ್ದ ಸಿಸ್ಟಮ್ಮನ್ನು ಯಾರೂ ಮನೆಯಲ್ಲಿಟ್ಟುಕೊಂಡು ನೋಡುತ್ತ ಕೂರುವುದಿಲ್ಲ. ಅದು ಇನ್ನೊಂದು ಕಾರಿಗೆ ಹೋಗಲೇಬೇಕು. ಆ ಕಾರು ನಮ್ಮದಾಗದಿರಲಿ ಎಂಬುದೊಂದೇ ನಾನು ಬೇಡುತ್ತಿರುವುದು.

ಮೊಬೈಲಿನ ವಿಷಯದಲ್ಲಿ ಸರ್ಕಾರ ಒಂದು ದಾರಿ ಮಾಡಿದೆ. ಪ್ರತಿ ಫೋನಿಗೂ ಐಎಂಇಐ ಸಂಖ್ಯೆ ಇದೆ. ಕಳೆದುಹೋದ ಫೋನನ್ನು ಬ್ಲಾಕ್ ಮಾಡಿಸುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶದಾದ್ಯಂತ ಇದೆ. ಹಳೆ ಫೋನ್ ಕೊಳ್ಳುವವರು ಅದರ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ನೋಡಿದರೆ ಆ ಫೋನ್ ಬ್ಲಾಕ್ ಆಗಿದೆಯೇ ಎಂಬುದು ತಿಳಿಯುತ್ತದೆ. ಕಾರಿನ ಸಿಸ್ಟಮ್ಮಿಗೆ ಇಂಥ ಅನುಕೂಲವಿಲ್ಲ. ಬೆಂಗಳೂರಿನಲ್ಲಿ ಬಿಚ್ಚಿದ್ದನ್ನು ಮರುದಿನ ಹೊಸೂರಿನಲ್ಲೋ ಹಾಸನದಲ್ಲೋ ಕೂರಿಸಿದರೆ ಅದು ಏನೂ ಆಗಿಲ್ಲವೆಂಬಂತೆ ಹಾಡುತ್ತದೆ, ದಾರಿ ತೋರಿಸುತ್ತದೆ. ಕೆಲವು ಕಂಪನಿಗಳು ಕಾರಿನೊಂದಿಗೇ ಬರುವ ಸಿಸ್ಟಮ್ಮಿಗೆ ಕೋಡ್ ಇಟ್ಟಿರುತ್ತವೆ. ಬ್ಯಾಟರಿ ಕಳಚಿ ಹಾಕಿದರೆ ಕೋಡ್ ಕೇಳುತ್ತದೆ. ಮಿಕ್ಕವಕ್ಕೆ ಕೊಳ್ಳುವವರು ಕೇಳುವ ಪ್ರಶ್ನೆಯೇ ಬೀಗ.

ಕಾನೂನು ಏನು ಹೇಳುತ್ತದೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ “ನಾನೇನು ಕದ್ದಿಲ್ಲವಲ್ಲ” ಎಂದು ಧೈರ್ಯ ತಂದುಕೊಳ್ಳುವವರು ಬಹಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕಳವು ಮಾಲಿಗೇ ಮೀಸಲು. ಮಾಲು ಕಳವಿನದೆಂದು ಗೊತ್ತಿದ್ದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಅದನ್ನು ಪಡೆದವರಿಗೆ, ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಾಮಾನ್ಯ ಕಳವಿಗೆ ಮೊದಲ ಸಲ ಸಿಕ್ಕಿಬಿದ್ದವನಿಗಿರುವ ಗರಿಷ್ಠ ಸಜೆಯೂ ಮೂರೇ ವರ್ಷ. ಇದನ್ನೇ ಕಸುಬು ಮಾಡಿಕೊಂಡವನಿಗೆ ಹತ್ತು ವರ್ಷದವರೆಗೆ, ಜೀವಾವಧಿಗೂ ಹೋಗಬಹುದು. ಬ್ರಿಟನ್ನಿನ 1968ರ ಕಳವು ಕಾಯ್ದೆ ಇನ್ನೂ ಬಿಗಿ. ಈಗ ಅಲ್ಲಿ ಕಳ್ಳನಿಗೆ ಗರಿಷ್ಠ 7 ವರ್ಷವಾದರೆ ಗೊತ್ತಿದ್ದೂ ಕದ್ದ ಮಾಲು ಕೊಂಡವನಿಗೆ, ಸಾಗಿಸಿದವನಿಗೆ ಗರಿಷ್ಠ 14 ವರ್ಷ. ಕೊಳ್ಳುವವನೇ ಕಳವಿನ ಬೇರು ಎಂದು ಆ ಶಾಸನ ಬರೆದವರಿಗೆ ಅನ್ನಿಸಿರಬೇಕು. ನನಗೂ ಅದು ಸರಿಯೆನ್ನಿಸುತ್ತದೆ.

“ನಂಬಲು ಕಾರಣವಿದ್ದೋ” ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐದರಲ್ಲೊಂದು ಭಾಗಕ್ಕೂ ಕಡಿಮೆ ಬೆಲೆ, ಬಿಲ್ ಇಲ್ಲ, ಮಾರಿದವನ ಹೆಸರು ಗೊತ್ತಿಲ್ಲ, ಸೀರಿಯಲ್ ನಂಬರಿನ ಸ್ಟಿಕ್ಕರ್ ಕೆರೆದಿದೆ. ಇಷ್ಟನ್ನು ಮುಂದಿಟ್ಟು ತನಿಖಾಧಿಕಾರಿ ‘ನಿಮಗೆ ಅನುಮಾನವೇ ಬರಲಿಲ್ಲವೇ’ ಎಂದು ಕೇಳಿದರೆ ಏನು ಉತ್ತರ ಕೊಡುತ್ತೀರಿ? ಕಳವಾದ ಸ್ವಲ್ಪ ದಿನದಲ್ಲೇ ಮಾಲು ಒಬ್ಬರ ಬಳಿ ಸಿಕ್ಕಿ, ಅದು ಹೇಗೆ ಬಂತೆಂದು ಅವರು ವಿವರಿಸಲಾಗದಿದ್ದರೆ, ಅವರೇ ಕದ್ದರೆಂದೋ ಗೊತ್ತಿದ್ದೇ ಪಡೆದರೆಂದೋ ನ್ಯಾಯಾಲಯ ಊಹಿಸಬಹುದು ಎಂದು ಸಾಕ್ಷ್ಯದ ಕಾನೂನೂ ಹೇಳುತ್ತದೆ. ನಿಜಕ್ಕೂ ಏನೂ ತಿಳಿಯದೆ ಕೊಂಡಿದ್ದೀರಿ ಎನ್ನೋಣ. ಜೈಲು ತಪ್ಪಬಹುದು, ಮಾಲು ಉಳಿಯುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಪ್ರಕಾರ ಮಾರಿದವನಿಗೆ ಇಲ್ಲದ ಹಕ್ಕು ಕೊಂಡವನಿಗೆ ಬಾರದು. ಪೊಲೀಸರು ಮಹಜರು ಬರೆದು ನಿಮ್ಮ ಡ್ಯಾಶ್‌ಬೋರ್ಡಿನಿಂದ ಬಿಚ್ಚಿಕೊಂಡು ಹೋಗುತ್ತಾರೆ. ಕೊಟ್ಟ ದುಡ್ಡನ್ನು ಆ ಹೆಸರಿಲ್ಲದ ಮನುಷ್ಯನಿಂದ ನೀವೇ ವಸೂಲು ಮಾಡಿಕೊಳ್ಳಬೇಕು.

ಹಳೆ ಸಾಮಾನು ಕೊಳ್ಳಲೇಬೇಡಿ ಎಂದು ಹೇಳಲು ನಾನು ಹೊರಟಿಲ್ಲ. ಸೆಕೆಂಡ್ ಹ್ಯಾಂಡ್ ವ್ಯಾಪಾರದ ಮೇಲೆ ನನಗೆ ಗೌರವವಿದೆ. ಕಡಿಮೆ ಆದಾಯದವರಿಗೂ ಒಳ್ಳೆಯ ವಸ್ತು ದಕ್ಕುವುದು ಅದರಿಂದಲೇ, ಇ-ತ್ಯಾಜ್ಯ ಕಡಿಮೆಯಾಗುವುದೂ ಅದರಿಂದಲೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಹಳ ಕಾಲದಿಂದ ಕಾರಿನ ಸಾಮಾನು ಮಾರಿಕೊಂಡು ಮರ್ಯಾದೆಯಿಂದ ಬಾಳಿದವರಿದ್ದಾರೆ. ಹಳೆ ಸಿಸ್ಟಮ್ಮು ಬರುವ ನ್ಯಾಯವಾದ ದಾರಿಗಳೂ ಬೇಕಾದಷ್ಟಿವೆ. ಕೆಲವರು ಕಂಪನಿ ಫಿಟ್ಟಿಂಗ್ ಬಿಚ್ಚಿಸಿ ದೊಡ್ಡ ಸ್ಕ್ರೀನ್ ಹಾಕಿಸುತ್ತಾರೆ. ಅಪಘಾತದಲ್ಲಿ ಜಖಂಗೊಂಡ ಗಾಡಿಯನ್ನು ಇನ್ಶೂರೆನ್ಸ್‌ನವರು ಹರಾಜು ಹಾಕುತ್ತಾರೆ. ಆಯುಸ್ಸು ಮುಗಿದ ಗಾಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗುತ್ತದೆ. ಗಮನಿಸಿ, ಈ ದಾರಿಗಳಲ್ಲೆಲ್ಲ ಎಲ್ಲೋ ಒಂದು ಕಾಗದ ಹುಟ್ಟಿರುತ್ತದೆ, ಇಲ್ಲವೇ ‘ಇದು ನನ್ನದು’ ಎಂದು ಬರೆದುಕೊಡಬಲ್ಲ ಒಬ್ಬ ಮನುಷ್ಯನಿರುತ್ತಾನೆ.

ಹಾಗಾಗಿ ಮೊದಲು ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ವಾರಂಟಿ ಕಾರ್ಡು, ಡಬ್ಬ, ಆನ್‌ಲೈನ್ ಆರ್ಡರಿನ ಮೆಸೇಜು, ಏನಾದರೊಂದು ತೋರಿಸಲು ಹೇಳಿ. ಅದೂ ಇಲ್ಲದಿದ್ದರೆ ಸೀರಿಯಲ್ ನಂಬರ್ ನಮೂದಿಸಿ, ‘ನನ್ನ ಸ್ವಂತದ್ದನ್ನು ಇಂತಿಷ್ಟಕ್ಕೆ ಮಾರಿದ್ದೇನೆ’ ಎಂದು ಬರೆಸಿಕೊಂಡು ಸಹಿ ಹಾಕಿಸಿ, ಗುರುತಿನ ಚೀಟಿಯ ಪ್ರತಿ ಪಡೆಯಿರಿ. ದುಡ್ಡನ್ನು ಯುಪಿಐನಲ್ಲಿ ಕೊಡಿ. ಸ್ವಂತದ್ದನ್ನು ಮಾರುವವರು ಇದಕ್ಕೆ ಬೇಸರಪಟ್ಟುಕೊಂಡಾರೇ ಹೊರತು ಓಡಿಹೋಗುವುದಿಲ್ಲ. ‘ಕ್ಯಾಶೇ ಬೇಕು, ಬ್ರಿಡ್ಜಿನ ಕೆಳಗೆ ಬನ್ನಿ, ಇವತ್ತೇ ಆಗಬೇಕು’ ಎನ್ನುವವನನ್ನು ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ಮಾಲನ್ನು ತಿರುಗಿಸಿ ಹಿಂಭಾಗ ನೋಡಿ. ನ್ಯಾಯವಾಗಿ ಬಿಚ್ಚಿದ ಸಿಸ್ಟಮ್ಮಿನ ಹಿಂದೆ ಕಪ್ಲರ್ ಕೂರುವ ಜಾಗ ಖಾಲಿಯಿರುತ್ತದೆ, ಇಲ್ಲವೇ ಕಪ್ಲರ್ ಸಮೇತ ವೈರು ಇಡಿಯಾಗಿರುತ್ತದೆ. ಕಪ್ಲರ್ ಅಲ್ಲೇ ಕಚ್ಚಿಕೊಂಡಿದ್ದು ನಾಲ್ಕು ಬೆರಳು ಉದ್ದದ ವೈರು ಒಂದೇ ಸಮಕ್ಕೆ ಕತ್ತರಿಸಿದ್ದರೆ, ಅದನ್ನು ಬಿಚ್ಚಿದವರಿಗೆ ಆ ಕಾರು ಮತ್ತೆ ಓಡಬೇಕೆಂಬ ಚಿಂತೆ ಇರಲಿಲ್ಲ ಎಂದರ್ಥ. ಮಗ್ಗುಲಿನ ತಗಡಿನಲ್ಲಿ ಮೀಟಿದ ಗಾಯವಿದೆಯೇ, ಸೀರಿಯಲ್ ನಂಬರ್ ಕೆರೆದಿದೆಯೇ, ನೋಡಿ. ‘ಕೋಡ್ ಕೇಳುತ್ತೆ ಸಾರ್, ಒಡೆಸ್ಕೊಂಡ್ರೆ ಆಯ್ತು’ ಎಂದರೆ ಅದನ್ನು ಮುಟ್ಟಲೂ ಬೇಡಿ.

ಕರೆಂಟು ಕೊಟ್ಟು ಆನ್ ಮಾಡಿದಾಗ ಕಾಣುವುದು ಇನ್ನೂ ಮನಸ್ಸು ಕಲಕುವಂಥದ್ದು. ಬ್ಲೂಟೂತ್ ಪಟ್ಟಿಯಲ್ಲಿ ಯಾರದೋ ಫೋನಿನ ಹೆಸರು. ಕಾಂಟ್ಯಾಕ್ಟ್ ತೆರೆದರೆ ಅಮ್ಮ, ಅಕ್ಕ, ಸ್ಕೂಲ್ ವ್ಯಾನ್, ಡಾಕ್ಟರ್. ಮ್ಯಾಪಿನಲ್ಲಿ ‘ಮನೆ’ ಎಂದು ಗುರುತು ಹಾಕಿದ ವಿಳಾಸ. ಸಿಸ್ಟಮ್ ಕಳೆದುಕೊಂಡ ಕುಟುಂಬ ತನ್ನ ಮನೆಯ ದಾರಿಯನ್ನೂ ಅಪರಿಚಿತರ ಕೈಗೆ ಕೊಟ್ಟಂತಾಗಿದೆ. ಮುಂಗಾಜಿಗೆ ಅಂಟಿಸುವ ಪುಟ್ಟ ನ್ಯಾವಿಗೇಶನ್ ಪೆಟ್ಟಿಗೆಗಳು ಯುರೋಪು, ಅಮೆರಿಕಗಳಲ್ಲಿ ಮನೆಮಾತಾಗಿದ್ದಾಗ ಅಲ್ಲಿನವರಿಗೂ ಇದೇ ಭಯವಿತ್ತು. ಪೆಟ್ಟಿಗೆಯನ್ನು ಒಳಗೆ ಬಚ್ಚಿಟ್ಟರೂ ಗಾಜಿನ ಮೇಲೆ ಉಳಿದ ದುಂಡನೆಯ ಗುರುತು ನೋಡಿಯೇ ಕಳ್ಳರು ಗಾಜು ಒಡೆಯುತ್ತಿದ್ದರು. ಗುರುತು ಒರೆಸಿ ಹೋಗಿ, ‘ಹೋಮ್’ ಎಂಬಲ್ಲಿ ಮನೆಯ ವಿಳಾಸ ಹಾಕಬೇಡಿ ಎಂದು ಪೊಲೀಸರು ಹೇಳಬೇಕಾಗಿ ಬಂದಿತ್ತು. ಜರ್ಮನಿಯಲ್ಲಿ ದುಬಾರಿ ಕಾರುಗಳ ನ್ಯಾವಿಗೇಶನ್ ಪರದೆ, ಸ್ಟೀರಿಂಗ್, ಏರ್‌ಬ್ಯಾಗುಗಳನ್ನು ಬಿಚ್ಚಿಕೊಂಡು ಹೋಗುವ ತಂಡಗಳ ಕಾಟ ಇದ್ದೇ ಇದೆ. ಆ ದೇಶಗಳಲ್ಲಿ ನೆಲೆಸಿರುವ ನಮ್ಮವರೂ ಅಗ್ಗದ ಜಾಹೀರಾತು ಕಂಡಾಗ ಇದನ್ನು ನೆನಪಿಟ್ಟುಕೊಳ್ಳಲಿ. ಕದ್ದ ಮಾಲಿಗೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟರೂ ಜರ್ಮನಿಯ ಕಾನೂನಿನಲ್ಲಿ ಒಡೆತನ ಬರುವುದಿಲ್ಲ.

ಈಗಾಗಲೇ ಇಂಥದ್ದನ್ನು ಕೊಂಡುಬಿಟ್ಟು, ಇದನ್ನು ಓದುತ್ತ ಎದೆ ಡವಗುಟ್ಟುತ್ತಿರುವವರಿದ್ದರೆ ಅವರಿಗೂ ಒಂದು ಮಾತು. ಗಾಬರಿಯಲ್ಲಿ ರೀಸೆಟ್ ಮಾಡಬೇಡಿ. ಮಾಲೀಕರನ್ನು ಪತ್ತೆ ಹಚ್ಚಬಹುದಾದ ಗುರುತು ಅದರೊಳಗೇ ಇದೆ. ಇನ್ನೊಬ್ಬರಿಗೆ ದಾಟಿಸಲೂ ಬೇಡಿ. ಗೊತ್ತಾದ ಮೇಲೆ ಮಾರಿದರೆ ಅದು ತಿಳಿದೇ ಮಾಡಿದ ಅಪರಾಧವಾಗುತ್ತದೆ. ಮಾರಿದವನ ಫೋನ್ ನಂಬರು, ಚಾಟು, ದುಡ್ಡು ಕೊಟ್ಟ ದಾಖಲೆ ತೆಗೆದಿಟ್ಟುಕೊಂಡು ಠಾಣೆಗೆ ಹೋಗಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಅಳುಕಿದ್ದರೆ ಪರಿಚಯದ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕಾರಿನ ಮಾಲೀಕರು ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಸಿಸ್ಟಮ್ಮಿನ ಸೀರಿಯಲ್ ನಂಬರ್ ಬರೆದಿಡಿ. ಡಬ್ಬದ ಮೇಲೋ ವಾರಂಟಿ ಕಾರ್ಡಿನಲ್ಲೋ ಇರುತ್ತದೆ. ಎರಡೂ ಇಲ್ಲದಿದ್ದರೆ ಮುಂದಿನ ಸಲ ಸಿಸ್ಟಮ್ ಬಿಚ್ಚಿದಾಗ ಹಿಂದಿನ ಸ್ಟಿಕ್ಕರಿನ ಫೋಟೊ ತೆಗೆದುಕೊಳ್ಳಿ. ಕಳವಾದರೆ ದೂರಿನಲ್ಲಿ ಆ ಸಂಖ್ಯೆ ಇರಲೇಬೇಕು. ಪೊಲೀಸರು ಕಳವು ಮಾಲು ವಶಪಡಿಸಿಕೊಂಡಾಗ ಒಂದೇ ತರಹದ ಹತ್ತಾರು ಕಪ್ಪು ಪರದೆಗಳು ಮೇಜಿನ ಮೇಲೆ ಸಾಲಾಗಿ ಕೂತಿರುತ್ತವೆ. ನಂಬರಿಲ್ಲದೆ ಅವುಗಳಲ್ಲಿ ‘ಇದು ನನ್ನದು’ ಎಂದು ಯಾವುದನ್ನು ತೋರಿಸುತ್ತೀರಿ? ಹಾಗೆಯೇ ನಿಮ್ಮ ಹಳೆಯದನ್ನು ಮಾರುವಾಗ ಬಿಲ್ ಜೊತೆಗೇ ಕೊಡಿ, ಫೋನ್ ನಂಬರು, ವಿಳಾಸ, ಗೂಗಲ್ ಖಾತೆ ಎಲ್ಲ ಅಳಿಸಿ ಕೊಡಿ. ಬಿಲ್ ಸಮೇತದ ಮಾಲು ಹೆಚ್ಚಿದಷ್ಟೂ ಬಿಲ್ ಇಲ್ಲದ್ದು ಎದ್ದು ಕಾಣುತ್ತದೆ.

ಕೊನೆಯದಾಗಿ, ಸಿಸ್ಟಮ್ ಕೂರಿಸುವ ಅಂಗಡಿಯ ಅಣ್ಣಂದಿರಿಗೆ. ಬೇರೆಲ್ಲರಿಗಿಂತ ನಿಮ್ಮ ಕೈಯಲ್ಲಿ ಹೆಚ್ಚು ಶಕ್ತಿಯಿದೆ. ಗಿರಾಕಿಗೆ ಕಾಣದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ. ಕತ್ತರಿಸಿದ ವೈರು, ಬೇರೆ ಕಾರಿನ ಫ್ರೇಮು, ಕೆರೆದ ಸ್ಟಿಕ್ಕರು ನೋಡಿದ ಕೂಡಲೇ ಮಾಲು ಎಂಥದ್ದೆಂದು ನಿಮಗೆ ಗೊತ್ತಾಗಿಬಿಡುತ್ತದೆ. ಫಿಟ್ಟಿಂಗಿನ ಕೂಲಿ ಬಿಡುವುದು ಕಷ್ಟವೇ. ಬಾಡಿಗೆ, ಕೆಲಸದ ಹುಡುಗರ ಸಂಬಳ ನಿಮಗೂ ಇದೆ. ಆದರೂ ಅಂಥದ್ದು ಬಂದಾಗ ‘ಇದನ್ನು ನಾವು ಕೂರಿಸಲ್ಲ’ ಎಂದುಬಿಡಿ. ಪಕ್ಕದ ಅಂಗಡಿಯವರನ್ನೂ ಒಪ್ಪಿಸಿ, ಏಕೆಂದರೆ ಒಬ್ಬರು ಒಲ್ಲೆನೆಂದು ಇನ್ನೊಬ್ಬರು ಕೂರಿಸಿಕೊಟ್ಟರೆ ನಿಮ್ಮ ಕೂಲಿ ಹೋದದ್ದಷ್ಟೇ ಬಂತು. ಬೀದಿಯ ಅಂಗಡಿಗಳೆಲ್ಲ ಸೇರಿ ಒಂದು ಬೋರ್ಡ್ ಬರೆಸಿ, ಗಿರಾಕಿ ಗಾಡಿ ನಿಲ್ಲಿಸುವ ಕಡೆಯೇ ಕಾಣುವಂತೆ ಹಾಕಿ: ‘ಬಿಲ್ ಇಲ್ಲದ ಹಳೆ ಸಿಸ್ಟಮ್ ಇಲ್ಲಿ ಕೂರಿಸುವುದಿಲ್ಲ.’